ಒರಗಿಸಿಟ್ಟ ಕೊಡಲಿ

ಆತ ಮರಗಳನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದ, ಮನುಷ್ಯರನ್ನು ಏಕವಚನದಲ್ಲಿ. ಸರಪಂಚನಿಗೂ "ಲೇ", ಪೊಲೀಸನಿಗೂ "ಏನೋ". ಬೇವಿನ ಮರದ ಮುಂದೆ ನಿಂತಾಗ ಮಾತ್ರ ಹೆಗಲ ಮೇಲಿನ ಟವೆಲ್ಲು ಸೊಂಟಕ್ಕೆ ಇಳಿಯುತ್ತಿತ್ತು, ದನಿಯೂ ಇಳಿಯುತ್ತಿತ್ತು. "ಊರಮ್ಮಗ ತಮ್ಮ ಬೇಕಾಗ್ಯಾನ್ರಿ. ನೀವು ಬರ್ತೀರೇನ್ರಿ?" ಎಂದು ಕೇಳುತ್ತಿದ್ದ. ಮನೆಗೆ ಹೆಣ್ಣು ಕೇಳಲು ಬಂದವನ ಹಾಗೆ.

ಕಳೆದ ಚಳಿಗಾಲದಲ್ಲಿ ಆತ ತೀರಿಕೊಂಡ. ಹೆಸರು ಬರೆಯುವುದಿಲ್ಲ. ಮಕ್ತಲ್ ಕಡೆಯವರಿಗೆ ಹೆಸರಿಲ್ಲದೆಯೂ ಗುರುತು ಸಿಗುತ್ತದೆ. ನಾನು ಬರೆಯಲಿರುವ ಸಂಗತಿಯ ಪಕ್ಕದಲ್ಲಿ ಆ ಹೆಸರು ಬಂದು ಕೂರುವುದು ನನಗೆ ಬೇಡ. ನಾನು ಕರೆಯುತ್ತಿದ್ದದ್ದು ಕಾಕಾ ಎಂದು. ರಕ್ತಸಂಬಂಧ ಏನೂ ಇರಲಿಲ್ಲ.

ನಾನು ಜಂಗಲಾತಿನವನು. ಕನ್ನಡ, ತೆಲುಗು ಎರಡೂ ನಡೆಯುವ ನಮ್ಮ ಗಡಿ ಸೀಮೆಯಲ್ಲಿ ಅರಣ್ಯ ಇಲಾಖೆಗೆ ಹಳಬರು ಇಂದಿಗೂ ಅನ್ನುವುದು ಹಾಗೆಯೇ. ಕನ್ನಡ ಮೀಡಿಯಂನಲ್ಲಿ ಹತ್ತನೇ ತರಗತಿ ಮುಗಿಸಿ, ಗಾರ್ಡ್ ಆಗಿ ಸೇರಿ, ಗಾರ್ಡ್ ಆಗಿಯೇ ನಿವೃತ್ತನಾದೆ. ಈಗ ನಾರಾಯಣಪೇಟೆಯಲ್ಲಿ ಮಗಳ ಮನೆಯಲ್ಲಿದ್ದೇನೆ. ಪಕ್ಕದ ಮನೆಯ ಮಗ್ಗದ ಸದ್ದು ದಿನವಿಡೀ ಬರುತ್ತದೆ. ಆ ಮಗ್ಗದಲ್ಲಿ ಓಡಾಡುವ ಒಂದು ಹಳೆಯ ಲಾಳಿಯನ್ನು ಕೆತ್ತಿದವನೂ ಆತನೇ ಎಂದು ಮೊನ್ನೆ ಗೊತ್ತಾಯಿತು. ನೇಕಾರ ಹೇಳಿದ, "ಪ್ಲಾಸ್ಟಿಕ್ಕಿನವು ಬಂದ್ವು, ಹೋದ್ವು. ಇದು ಸವದೈತಿ, ಸತ್ತಿಲ್ಲ." ನಾನು ಎದ್ದು ಒಳಗೆ ಹೋದೆ.

ನನ್ನ ಸುಪರ್ದಿನಲ್ಲಿದ್ದ ಅಡವಿ ಮಕ್ತಲ್‌ನಿಂದ ನಾರ್ವ ಕಡೆ ಹೋಗುವ ದಾರಿಯ ಕಲ್ಲುಗುಡ್ಡಗಳ ನಡುವೆ ಇತ್ತು. ದುಡಿಯುವ ಅಡವಿ ಅದು. ಒಂದು ಮಗ್ಗುಲಲ್ಲಿ ಇಲಾಖೆ ನೆಟ್ಟ ತೇಗ, ಅದರಾಚೆ ಕಡಿದ ದಿಮ್ಮಿಗಳನ್ನು ಒಟ್ಟುವ ಡಿಪೋ. ಹೆಂಗಸರು ಊಟದೆಲೆ ಹಚ್ಚಲು ಮುತ್ತುಗದ ಎಲೆ ಕಿತ್ತು ತಲೆಹೊರೆ ಕಟ್ಟುತ್ತಿದ್ದರು. ಬುಟ್ಟಿ ಹೆಣೆಯುವವರು ಹಳ್ಳದ ಈಚಲಿಗೆ ಬರುತ್ತಿದ್ದರು. ದನದವರು, ಜೇನಿನವರು ಬರುತ್ತಿದ್ದರು. ಆತ ಕಟ್ಟಿಗೆಗೆ ಬರುತ್ತಿದ್ದ. ಕೂರಿಗೆ, ಕುಂಟೆ, ನೊಗ, ಎತ್ತಿನ ಕೊರಳಿಗೆ ಕಟ್ಟುವ ಕಟ್ಟಿಗೆಯ ಗಂಟೆ, ಎಲ್ಲ ಮಾಡುತ್ತಿದ್ದ. ಎಲ್ಲವೂ ಚೆನ್ನಾಗಿರುತ್ತಿತ್ತು ಎಂದಲ್ಲ. ನಮ್ಮಪ್ಪನಿಗೆ ಮಾಡಿಕೊಟ್ಟ ನೊಗ ಮೊದಲ ಬಿತ್ತನೆಯಲ್ಲೇ ಮುರಿಯಿತು. ಕೇಳಲು ಹೋದರೆ, "ನೊಗ ಚಲೋನ ಐತಿ. ನಿಮ್ಮ ಎಡಗಡೆ ಎತ್ತು ಸೋಮಾರಿ, ಜೋತು ಬೀಳತೈತಿ. ಅದನ್ನ ಮಾರು" ಎಂದ. ಸಾಯುವವರೆಗೂ ಆ ಮಾತು ಬದಲಿಸಲಿಲ್ಲ. ಸೇಂದಿ ಕುಡಿದ ಸಂಜೆ ಅಪಸ್ವರದಲ್ಲಿ ಭಜನೆ ಹಾಡುತ್ತಿದ್ದ. ಯಾರಾದರೂ ನಕ್ಕರೆ ಮತ್ತೂ ಎತ್ತರಿಸುತ್ತಿದ್ದ.

ಆತನ ದೊಡ್ಡ ಕೆಲಸ ಬೇರೆ ಇತ್ತು. ಊರಮ್ಮನ ಗುಡಿಯ ಮುಂದೆ ಬಯಲಿನಲ್ಲಿ ಪೋತರಾಜ ನಿಲ್ಲುತ್ತಾನೆ. ಅಮ್ಮನ ತಮ್ಮ, ಊರಿನ ಕಾವಲುಗಾರ. ಸುತ್ತಲಿನ ಕೆಲವು ಹಳ್ಳಿಗಳಲ್ಲಿ ಅವನನ್ನು ಮರದಿಂದ ಕೆತ್ತುವ ಹಕ್ಕು ಆತನ ಮನೆತನದ್ದು. ಬಿಸಿಲು ಮಳೆಯಲ್ಲಿ ನಿಂತ ಮರ ಒಂದು ತಲೆಮಾರು ಬಾಳುತ್ತದೆ, ಆಮೇಲೆ ಗೆದ್ದಲು. ಆಗ ಹೊಸಬನನ್ನು ನಿಲ್ಲಿಸಿ, ಹಳಬನನ್ನು ಹೊತ್ತೊಯ್ದು ಅಡವಿಯ ಒಂದು ಹುಣಸೆ ಮರದ ಕೆಳಗೆ ಬಿಟ್ಟು ಬರುತ್ತಾರೆ. ಅಡವಿಯಿಂದ ತಂದದ್ದು ಅಡವಿಗೆ. ಆ ಹುಣಸೆಯ ಕೆಳಗೆ ಹಳೆಯ ಪೋತರಾಜರ ಒಂದು ಗುಂಪೇ ಇತ್ತು. ಕೆಲವರು ಸೊಂಟದವರೆಗೆ ಮಣ್ಣಲ್ಲಿ, ಕೆಲವರು ಮಲಗಿ, ಒಬ್ಬನ ಕಣ್ಣಿನ ತೂತಿನಿಂದ ಇರುವೆ ಸಾಲು. ಆತ ನನಗೆ ಅವರ ಪರಿಚಯ ಮಾಡಿಕೊಟ್ಟಿದ್ದ.

"ಇವ ನಮ್ಮಜ್ಜ ಮಾಡಿದಾಂವ. ಇವ ನಮ್ಮಪ್ಪನಾಂವ. ಈ ಸೊಟ್ಟ ಮೂಗಿನಾಂವ ನನ್ನಾಂವ, ಮೊದಲನೇದು. ಮೂಗು ನಮ್ಮ ಮಾವಂದು. ಆವಾಗ ಅವನ ಮ್ಯಾಲೆ ಸಿಟ್ಟಿತ್ತು."

ಮರವನ್ನು ಆರಿಸುವ ಆ ಮನೆತನದ ಪದ್ಧತಿಯನ್ನು ನಾನು ತಿಳಿದದ್ದು ಒಂದು ಜಗಳದಿಂದ. ನೌಕರಿಗೆ ಸೇರಿದ ಹೊಸತು. ಬೆಳಿಗ್ಗೆ ಸುತ್ತು ಹೊಡೆಯುವಾಗ ಒಂದು ಬೇವಿನ ಬುಡಕ್ಕೆ ಅರಿಶಿನ ಬಳಿದಿತ್ತು. ಕೊಡಲಿಯೊಂದು ಅಲಗು ನೆಲಕ್ಕೂರಿ, ಕಾವು ಮರಕ್ಕೆ ಒರಗಿಕೊಂಡು ನಿಂತಿತ್ತು. ಕಳ್ಳ ಬಿಟ್ಟು ಓಡಿದ್ದಾನೆ ಎಂದುಕೊಂಡು ಕೊಡಲಿಯನ್ನು ಇಲಾಖೆಯ ಚೌಕಿಗೆ ಎತ್ತಿಕೊಂಡು ಬಂದೆ. ಸ್ವಲ್ಪ ಹೊತ್ತಿಗೆ ಆತ ಕೂಗಾಡುತ್ತ ಬಂದ.

"ಏ ಗಾರ್ಡ, ನನ್ನ ಕೊಡ್ಲಿ ಯಾಕ ತಂದಿ?"

"ಕೇಸ್ ಆಗತೈತಿ. ಸರಕಾರಿ ಮರ."

"ಮರಕ್ಕ ಗಾಯ ಆಗೇತೇನು? ಒಂದು ಚಕ್ಕಿ ಎದ್ದೈತೇನು? ನಾ ಕೇಳಿ ಬಂದೀನಿ. ಕೇಳಿದ್ದಕ್ಕ ಕೇಸ್ ಐತೇನೋ ನಿಮ್ಮ ಕಾನೂನಿನಾಗ?"

ಆಮೇಲೆ ಚಹಾ ಕುಡಿಯುತ್ತ ಬಿಡಿಸಿ ಹೇಳಿದ. ಸಂಜೆ ಮರದ ಮುಂದೆ ನಿಂತು, ನಿಮ್ಮಿಂದ ಏನು ಮಾಡುತ್ತೇನೆ ಎಂದು ಹೇಳಬೇಕು. ಕೊಡಲಿ ಒರಗಿಸಿ ಹಿಂತಿರುಗಿ ನೋಡದೆ ಬರಬೇಕು. ಮರುದಿನ ಬಿಸಿಲು ಬೀಳುವ ಮೊದಲು ಹೋಗಿ ನೋಡಬೇಕು. ಕೊಡಲಿ ನಿಂತಿದ್ದರೆ ಮರ ಹೂಂ ಅಂದಿದೆ. ಬಿದ್ದಿದ್ದರೆ ಒಲ್ಲೆ ಅಂದಿದೆ. ಒಲ್ಲೆ ಅಂದ ಮರವನ್ನು ಮತ್ತೆ ಕೇಳುವಂತಿಲ್ಲ.

"ಹಂಗಾದ್ರ ನಾ ಎತ್ತಿ ತಂದಿದ್ದು?" ಎಂದು ಕೇಳಿದೆ.

"ಮನಷ್ಯಾ ಮುಟ್ಟಿದ್ದು ಲೆಕ್ಕಕ್ಕಿಲ್ಲ. ಇವತ್ತ ಸಂಜಿಗೆ ಮತ್ತ ಕೇಳ್ತೀನಿ."

ಆ ಮಾತನ್ನು ನೆನಪಿಡಿ. ನಾನೂ ನೆನಪಿಟ್ಟಿದ್ದೆ.

ಅದಾಗಿ ಎಷ್ಟೋ ವರ್ಷಗಳ ಮೇಲೆ, ನನ್ನ ನೌಕರಿಯ ಕೊನೆಗಾಲದಲ್ಲಿ, ಹೊಸ ಅಧಿಕಾರಿಯೊಬ್ಬ ಬಂದ. ಕೆಟ್ಟವನಲ್ಲ. ಅಡವಿ ಸುತ್ತಿಸುವಾಗ ಹುಣಸೆಯ ಕೆಳಗಿನ ಪೋತರಾಜರನ್ನು ಕಂಡು ಅಲ್ಲಿಯೇ ನಿಂತುಬಿಟ್ಟ. "ಇವಿ ಎವರು ಚೇಸಾರು?" ಎಂದು ತೆಲುಗಿನಲ್ಲಿ ಕೇಳಿದ, ಯಾರು ಮಾಡಿದ್ದು ಎಂದು. ನಾನು ಹೇಳಿದೆ. ಒಂದು ವಾರದಲ್ಲಿ ಯೋಜನೆ ಸಿದ್ಧವಾಯಿತು. ಅಡವಿಯೊಳಗೆ ಕಾಲುದಾರಿ, ದಾರಿಯುದ್ದಕ್ಕೂ ಬಯಲಿನಲ್ಲಿ ಮರದ ಶಿಲ್ಪಗಳು, ನೋಡಲು ಶಾಲೆಯ ಮಕ್ಕಳು. ಆತನನ್ನು ಕರೆಸಿ ಶಾಲು ಹೊದಿಸಿದರು. ಆತ ಶಾಲನ್ನು ಮೂಸಿ ನೋಡಿ, "ಇದು ಗದ್ವಾಲದ್ದೇನೋ? ನೂಲು ಹಂಗಿಲ್ಲಲ್ಲ" ಎಂದ. ಅಧಿಕಾರಿ ನಕ್ಕ. ನಾನು ಬೆವರಿದೆ.

ಸಮಾರಂಭ ಮುಗಿದ ಮೇಲೆ ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ. ಕೆತ್ತನೆಗೆ ಡಿಪೋದ ದಿಮ್ಮಿ ಎಷ್ಟು ಬೇಕಾದರೂ ಕೊಡಿ. ನಿಂತ ಮರ ಮಾತ್ರ ಒಂದೂ ಬೀಳಕೂಡದು. ಅವರಿಗೆ ತಿಳಿಸಿ ಹೇಳುವುದು ನಿಮ್ಮ ಕೆಲಸ.

ಆ ವರ್ಷವೇ ಊರಮ್ಮನ ಮುಂದಿನ ಪೋತರಾಜ ಬುಡದಲ್ಲಿ ಟೊಳ್ಳಾಗಿ ಒಂದು ಕಡೆ ವಾಲಿದ್ದ. ಊರಿನವರು ಹೊಸಬನನ್ನು ಕೇಳಿದ್ದರು. ಕಾಕಾ ನನ್ನ ಬಳಿ ಬಂದು, "ಹಳ್ಳದ ದಂಡಿಮ್ಯಾಲಿನ ಬೇವು ನೋಡೀನಿ. ಇವತ್ತ ಕೇಳ್ತೀನಿ. ಅದನ್ನ ನಿಲ್ಲಿಸಿದ ಮ್ಯಾಲೆ ನಿಮ್ಮ ಸಾಹೇಬನ ಗೊಂಬಿ ಮಾಡ್ತೀನಿ" ಎಂದ.

ಆಗ ಹೇಳಬೇಕಿತ್ತು. ಕಾಕಾ, ಹುಕುಂ ಇಲ್ಲ, ಮರ ಕಡಿಯಲು ಬಿಡಲಾರೆ ಎಂದು. ಹೇಳಿದ್ದರೆ ಬೈಯುತ್ತಿದ್ದ, ಊರನ್ನು ಕಟ್ಟಿಕೊಂಡು ಸಾಹೇಬನ ಮುಂದೆ ಹೋಗುತ್ತಿದ್ದ. ಬಹುಶಃ ಒಂದು ಮರ ಸಿಗುತ್ತಲೂ ಇತ್ತು. ಆದರೆ ಸಾಹೇಬನ ಎದುರು ನನ್ನ ಹೆಸರು ಬರುತ್ತದೆ ಎಂದು ನಾನು ಹೆದರಿದೆ. ಕಾಕಾನ ಎದುರು ಇಲ್ಲ ಅನ್ನಲೂ ಹೆದರಿದೆ. "ಕೇಳು ಕಾಕಾ" ಎಂದೆ.

ಮರುದಿನ ಮಬ್ಬಿನಲ್ಲಿ ಆತನಿಗಿಂತ ಮೊದಲು ಹೋದೆ. ಕೊಡಲಿ ಒರಗಿಕೊಂಡು ನಿಂತಿತ್ತು. ಬೂಟಿನ ತುದಿಯಿಂದ ಒಂದು ಸಲ ತಳ್ಳಿದೆ. ಸದ್ದೂ ಆಗಲಿಲ್ಲ, ಕೆಳಗೆ ಎಲೆ ಬಿದ್ದಿದ್ದವು. ನನ್ನ ಬಾಯಿಂದ ಬರಬೇಕಾಗಿದ್ದ ಇಲ್ಲ ಎಂಬ ಮಾತನ್ನು ಮರದ ಬಾಯಿಂದ ಹೇಳಿಸಿದೆ.

ಕಾಕಾ ಬಂದು ನೋಡಿದ. ನಾನು ಆಗ ತಾನೇ ಬಂದವನಂತೆ ದೂರದಲ್ಲಿ ನಿಂತಿದ್ದೆ. ಆತ ಸಿಟ್ಟಾಗಲಿಲ್ಲ. ಮರಕ್ಕೆ ಕೈ ಮುಗಿದು, "ಆಗ್ಲಿ ಬಿಡ್ರಿ. ನಿಮಗ ಇಲ್ಲೇ ಕೆಲಸ ಇರಬೇಕು" ಎಂದ. ನನ್ನ ಕಡೆ ತಿರುಗಿ, "ನಮ್ಮಪ್ಪಗೂ ಒಂದ್ಸಲ ಬಿದ್ದಿತ್ತು" ಎಂದ.

ಎರಡನೆಯ ಸಲ ಗುಡ್ಡದ ಓರೆಯಲ್ಲಿದ್ದ ಕಮರದ ಮರ. ಅಷ್ಟು ಹೊತ್ತಿಗೆ ನನಗೆ ದಾರಿ ರೂಢಿಯಾಗಿತ್ತು. ಒಮ್ಮೆ ಮಾಡಿದ್ದು ಮತ್ತೊಮ್ಮೆ ಮಾಡುವಾಗ ತೂಕವೇ ಇರುವುದಿಲ್ಲ. ಬಿದ್ದ ಕೊಡಲಿಯ ಮುಂದೆ ಆತ ಈ ಸಲ ಬಹಳ ಹೊತ್ತು ಕುಕ್ಕರಗಾಲಲ್ಲಿ ಕುಳಿತಿದ್ದ. "ನಮ್ಮಜ್ಜಗ ಎರಡು ಬಿದ್ದಿದ್ವಂತ" ಎಂದ. ಯಾರಿಗೂ ಮೂರು ಬಿದ್ದದ್ದು ಆತ ಕೇಳಿರಲಿಲ್ಲ.

ಮೂರನೆಯದನ್ನು ನಾನು ಬಿಡಬಹುದಿತ್ತು. ಬಿಡಬೇಕೆಂದೇ ಇದ್ದೆ. ಆದರೆ ಆ ವಾರ ಮಕ್ತಲ್‌ನ ಚಹಾದಂಗಡಿಯಲ್ಲಿ ಯಾರೋ ಆತನನ್ನು ಕೇಳಿದರು, "ಏನ್ ಕಾಕಾ, ಪೋತರಾಜ ಇನ್ನೂ ಬರಲಿಲ್ಲಲ್ಲ? ಗಾರ್ಡ್ ಅಡ್ಡ ಆದನೇನು?" ಆತ ನನ್ನನ್ನು ಗಲ್ಲದಿಂದ ತೋರಿಸಿ ಹೇಳಿದ, "ಇವ? ಇವ ಯಾರಿಗೆ ಅಡ್ಡ ಆಗ್ತಾನ? ಸಾಹೇಬನ ಜೀಪ್ ಹೋಗಿ ಹೊತ್ತಾದ್ರೂ ಅದರ ಧೂಳಿಗೆ ಸಲಾಮ್ ಹೊಡೀತಾ ನಿಂತಿರ್ತಾನ!"

ಎಲ್ಲರೂ ನಕ್ಕರು. ಕಾಕಾನೂ ನಕ್ಕ. ನಾನೂ ನಕ್ಕೆ. ಮಾತು ನಿಜವಾಗಿತ್ತು.

ಆ ವಾರವೇ ಮೂರನೆಯ ಮರಕ್ಕೆ ಆತ ಒರಗಿಸಿದ್ದ ಕೊಡಲಿಯನ್ನು ನಾನು ಬೂಟಿನಿಂದಲ್ಲ, ಕೈಯಿಂದ ಬೀಳಿಸಿದೆ.

ಅವತ್ತು ಆತ ಕೊಡಲಿಯನ್ನು ಎತ್ತಿಕೊಳ್ಳಲಿಲ್ಲ. ನಾನೇ ಎತ್ತಿ ಕೊಟ್ಟೆ. ದಾರಿಯಲ್ಲಿ ಹೇಳಿದ, "ಒಂದು ಒಲ್ಲೆ ಅಂದ್ರ ಮರದ ಮಾತು. ಮೂರೂ ಅಂದ್ರ ಅಡವಿ ಮಾತು. ನನ್ನ ಕೈಯಾಗ ಏನೋ ಹೊಲಸು ಐತಿ. ಏನು ಮಾಡೀನೋ ಗೊತ್ತಿಲ್ಲ." ಆಮೇಲೆ ದಾರಿಯುದ್ದಕ್ಕೂ ಹಳೆಯದನ್ನೆಲ್ಲ ಹುಡುಕಿ ಹೇಳತೊಡಗಿದ. ತಂಗಿಯ ಜೊತೆ ಮಾತು ಬಿಟ್ಟದ್ದು, ಮಾವನ ಮೂಗಿಟ್ಟು ದೇವರನ್ನು ಕೆತ್ತಿದ್ದು. "ನಿಮ್ಮ ಅಪ್ಪನ ನೊಗ" ಎಂದು ಶುರುಮಾಡಿ, ಒಂದು ಕ್ಷಣ ತಡೆದು, "ಇಲ್ಲ, ಅದು ಎತ್ತಿಂದ ತಪ್ಪು" ಎಂದ. ನನಗೆ ನಗು ಬರಬೇಕಿತ್ತು.

ಕಾಕಾ, ಮನುಷ್ಯ ಮುಟ್ಟಿದ್ದು ಲೆಕ್ಕಕ್ಕಿಲ್ಲ. ಇಷ್ಟು ಅಂದಿದ್ದರೆ ಆ ಕೈ ಆತನಿಗೆ ತಿರುಗಿ ಸಿಗುತ್ತಿತ್ತು. ಚೌಕಿ ಬರುವವರೆಗೂ ಆ ಮಾತು ನನ್ನ ಬಾಯಲ್ಲಿತ್ತು. ಚೌಕಿ ಬಂತು.

ಅನಂತರ ಆತ ನಿಂತ ಮರದ ಹತ್ತಿರ ಹೋಗಲಿಲ್ಲ. ಸಾಹೇಬನ ಕೆಲಸಕ್ಕೆ ಒಪ್ಪಿ ಡಿಪೋಕ್ಕೆ ಬಂದ. ಒಟ್ಟಿದ ತೇಗದ ದಿಮ್ಮಿಗಳ ಮುಂದೆ ನಿಂತಾಗ ಟವೆಲ್ಲು ಹೆಗಲ ಮೇಲೆಯೇ ಇತ್ತು. "ಕೇಳಂಗಿಲ್ಲೇನು ಕಾಕಾ?" ಎಂದು ಆಡಿಬಿಟ್ಟೆ.

"ಇವು ಹೆಣ. ಹೆಣಕ್ಕ ಏನು ಕೇಳ್ಲಿ?"

ಅಧಿಕಾರಿ ಫೋನಿನಲ್ಲಿ ಜಿಂಕೆ, ನವಿಲು, ಮೊಲ ತೋರಿಸಿದ. ಆತ ಕೆತ್ತಿದ. ಆ ಉಳಿ, ಆ ಬಾಚಿಯ ಕೆಲಸವೇ ಅದು ಎಂದು ನಂಬುವುದು ಕಷ್ಟವಾಗುತ್ತಿತ್ತು. ಜಿಂಕೆಗೆ ಕಾಲು ದಪ್ಪ, ಕುತ್ತಿಗೆ ಗಿಡ್ಡ. ಮೇಲೆ ಪೇಂಟು ಬಳಿದರು. ಉದ್ಘಾಟನೆಯ ದಿನ ಸಾಲಾಗಿ ಬಂದ ಶಾಲೆಯ ಮಕ್ಕಳು ಜಿಂಕೆಯ ಮುಂದೆ ನಿಂತು "ಕುಕ್ಕ! ಕುಕ್ಕ!" ಎಂದು ತೆಲುಗಿನಲ್ಲಿ ಕೂಗಿದರು. ಮೇಷ್ಟ್ರು ಗದರಿದರು. ಆತ ಅವರನ್ನು ತಡೆದು ಹೇಳಿದ, "ಇರಲಿ ಬಿಡೋ ಮಾಸ್ತರ, ನಾಯಿನ ಅದು. ಮಕ್ಕಳ ಕಣ್ಣು ಚಲೋ ಅದಾವ."

ಊರಿನವರು ಎಷ್ಟು ದಿನ ಕಾಯುತ್ತಾರೆ? ಗದ್ವಾಲದಲ್ಲಿ ಅಚ್ಚಿನಲ್ಲಿ ಎರಕ ಹೊಯ್ಯುವವನಿಂದ ಸಿಮೆಂಟಿನ ಪೋತರಾಜನನ್ನು ಟ್ರ್ಯಾಕ್ಟರಿನಲ್ಲಿ ತಂದರು. ಗುಲಾಬಿ ತುಟಿ, ಕಪ್ಪು ಮೀಸೆ, ಎಲ್ಲ ಊರಿಗೂ ಒಂದೇ ಮುಖ. ಸ್ಥಾಪನೆಯ ದಿನ ಆತ ಬಂದು ಸುತ್ತು ಹಾಕಿ ನೋಡಿದ. ಎಲ್ಲರೂ ಆತ ಏನೆನ್ನುತ್ತಾನೋ ಎಂದು ಕಾಯುತ್ತಿದ್ದರು. ಬೈಗುಳಕ್ಕೆ ಸಿದ್ಧರಾಗಿದ್ದರು. ಆತ ಸಿಮೆಂಟಿನ ಹೊಟ್ಟೆಯನ್ನು ಬೆರಳಿಂದ ತಟ್ಟಿ, "ಚಲೋ ಆತು. ಇದಕ್ಕ ಯಾರನ್ನೂ ಕೇಳೋದು ಬ್ಯಾಡ" ಎಂದು ಹೊರಟುಹೋದ. ಹಳೆಯ ಪೋತರಾಜನನ್ನು ಹುಣಸೆಯ ಕೆಳಗೆ ಹೊತ್ತೊಯ್ಯುವಾಗ ಹೆಗಲು ಕೊಡಲೂ ಬರಲಿಲ್ಲ.

ನಿವೃತ್ತಿಯ ನಂತರ ನಾನು ಆತನ ಮನೆಗೆ ಹೋಗಿ ಬರುವುದು ಹೆಚ್ಚಾಯಿತು. ನಾರಾಯಣಪೇಟೆಯಿಂದ ಬಸ್ಸು ಹಿಡಿದು, ಹಣ್ಣು, ಕೆಮ್ಮಿನ ಔಷಧ ಒಯ್ಯುತ್ತಿದ್ದೆ. ಆತನ ಹೆಂಡತಿಯನ್ನು ನಾನು ಯವ್ವಾ ಎನ್ನುತ್ತಿದ್ದೆ. ಆಕೆ ಒಂದು ದಿನ ಚಹಾ ಕೊಡುತ್ತ, "ನಿನ್ನಂಥ ಮಂದಿ ಎಲ್ಲಿ ಸಿಗ್ತಾರಪಾ. ಸ್ವಂತ ತಂಗಿ ಬರಾಂಗಿಲ್ಲ" ಎಂದಳು. ನಾನು ಆ ಚಹಾ ಕುಡಿದೆ. ಅದನ್ನೂ ಬರೆದಿಡುತ್ತೇನೆ, ಕುಡಿದೆ.

ಕೊನೆಯ ದಿನಗಳಲ್ಲಿ ಆತ ಹಾಸಿಗೆಯಿಂದ ಏಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಮೂಲೆಯಲ್ಲಿದ್ದ ಕೊಡಲಿಯನ್ನು ತೋರಿಸಿ, "ಅದನ್ನ ಒಯ್ದು ಒಂದು ಮರಕ್ಕ ಒರಗಿಸಿ ಬಾ" ಎಂದ.

"ಯಾವ ಮರಕ್ಕ?"

"ಯಾವದಾದ್ರೂ ಆಗ್ಲಿ. ಕಡಿಯಾಕಲ್ಲ, ಕೇಳಾಕ. ನನ್ನ ಹೆಸರು ಹೇಳು. ಇನ್ನೂ ಸಿಟ್ಟೈತೇನ್ರಿ ಅಂತ ಕೇಳು." ನಾನು ಕೊಡಲಿ ಎತ್ತಿಕೊಂಡಾಗ ಹಿಂದಿನಿಂದ ಹೇಳಿದ, "ರೀ ಹಚ್ಚಿ ಕೇಳು ಮತ್ತ."

ಹೋದೆ. ಹಳ್ಳದ ದಂಡೆಯ ಆ ಮೊದಲ ಬೇವಿನ ಹತ್ತಿರವೇ ಕಾಲು ಒಯ್ದವು. ಒಲ್ಲೆ ಅಂದ ಮರವನ್ನು ಮತ್ತೆ ಕೇಳುವಂತಿಲ್ಲ. ಆದರೆ ಅದು ಒಲ್ಲೆ ಅಂದಿರಲಿಲ್ಲ, ಅದು ಗೊತ್ತಿದ್ದವನು ನಾನೊಬ್ಬನೇ. ಟವೆಲ್ಲು ಸೊಂಟಕ್ಕೆ ಇಳಿಸಿದೆ. ಆತನ ಹೆಸರು ಹೇಳಿ ಕೇಳಿದೆ. ನನ್ನ ದನಿ ನನಗೇ ಅಸಹ್ಯವಾಯಿತು. ಕೊಡಲಿ ಒರಗಿಸಿ ಹಿಂತಿರುಗಿ ನೋಡದೆ ಬಂದೆ.

ಆ ರಾತ್ರಿ ಮಕ್ತಲ್‌ನಲ್ಲಿಯೇ ಉಳಿದು ಬೆಳಕು ಹರಿಯುವ ಮೊದಲು ಹೋದೆ. ಕೊಡಲಿ ನಿಂತಿತ್ತು. ಗಾಳಿ ಇತ್ತು, ದನ ಓಡಾಡಿದ ಹೆಜ್ಜೆ ಇದ್ದವು. ಆದರೂ ನಿಂತಿತ್ತು. ಅದನ್ನು ಹಾಗೆಯೇ ಬಿಟ್ಟು ಆತನ ಮನೆಗೆ ನಡೆದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಆತನಿಗೆ ಹೇಳಲು ನನ್ನಲ್ಲಿ ಒಂದು ನಿಜ ಇತ್ತು.

"ಕಾಕಾ, ನಿಂತೈತಿ."

ಆತ ಕಣ್ಣು ತೆರೆದು ನನ್ನನ್ನು ನೋಡಿದ. ಬಹಳ ಹೊತ್ತು ನೋಡಿದ.

"ನಿಂತೈತಿ ಕಾಕಾ. ಖರೇನ. ನಾ ಈಗ ನೋಡಿ ಬಂದೆ."

ಆತ ನನ್ನ ಕೈ ಹಿಡಿದು ಮೆಲ್ಲಗೆ ತಟ್ಟಿದ, ಮಗುವನ್ನು ಸಮಾಧಾನ ಮಾಡುವವನಂತೆ. "ಬಿದ್ದೈತಿ ಅಲ್ಲೇನು?" ಎಂದ. "ಇರಲಿ ಬಿಡು. ನೀ ಒಳ್ಳೆಯಾಂವ ಅದಿ. ಸುಳ್ಳು ಹೇಳಾಕ ಬರಂಗಿಲ್ಲ ನಿನಗ."

ಆಗಲೂ ಹೇಳಬಹುದಿತ್ತು. ಇನ್ನೇನು ಅಡ್ಡವಿತ್ತು? ನೌಕರಿ ಮುಗಿದಿತ್ತು, ಆ ಅಧಿಕಾರಿ ಎಲ್ಲಿಗೋ ವರ್ಗವಾಗಿದ್ದ. ಆದರೆ ಆತ ನನ್ನನ್ನು ಒಳ್ಳೆಯವ ಎಂದಿದ್ದ. ಏಕವಚನದ ಆ ಬಾಯಲ್ಲಿ ಒಂದೇ ಒಂದು ಸಲ ಬಂದ ಆ ಮಾತನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಹಣ್ಣು ಸುಲಿದು ಕೊಟ್ಟೆ. ತಿನ್ನಲಿಲ್ಲ. ಎರಡು ದಿನದ ಮೇಲೆ ಹೋದ, ಅಡವಿ ತನ್ನನ್ನು ಒಲ್ಲೆ ಅಂದಿದೆ ಎಂದು ನಂಬಿಕೊಂಡೇ.

ಮಣ್ಣಾದ ಮೇಲೆ, ನೆಂಟರೆಲ್ಲ ಹೋದ ಮೇಲೆ, ನಾನು ಕಾಕಾನ ಹೆಂಡತಿಯ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ. ಬೇವು, ಕಮರ, ಮೂರನೆಯದು. ಬೂಟು, ಕೈ. ಆಕೆ ಅಳುತ್ತಾಳೆ, ಬೈಯುತ್ತಾಳೆ, ಪೊರಕೆ ತೆಗೆದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವುಗಳಲ್ಲಿ ಯಾವುದಾದರೂ ಒಂದು ಸಿಗಲಿ ಎಂದೇ ಹೋಗಿದ್ದೆ. ಆಕೆ ಅಕ್ಕಿ ಆರಿಸುತ್ತಿದ್ದಳು. ಆರಿಸುತ್ತಲೇ ಕೇಳಿದಳು.

"ಇದನ್ನ ನನಗ ಯಾಕ ಹೇಳಾಕತ್ತಿ? ಕೇಳಬೇಕಾದಾಂವ ಇದೇ ಗ್ವಾಡಿ ಕಡೆ ಮುಖ ಮಾಡಿ ಮಲಗಿದ್ನಲ್ಲ."

ಆಕೆ ಅಕ್ಕಿಯಲ್ಲಿ ಸಿಕ್ಕ ಒಂದು ಕಲ್ಲನ್ನು ಅಂಗಳಕ್ಕೆ ಎಸೆದಳು.

"ಕೊಡ್ಲಿ ಎಲ್ಲೈತಿ?"

"ಅಡವ್ಯಾಗ. ಬೇವಿಗೆ ಒರಗಿಸಿದಲ್ಲೇ."

"ತಗೊಂಬಾ. ನಮ್ಮ ಮನೀದದು."

ಹೋದೆ. ಕೊಡಲಿ ಇನ್ನೂ ನಿಂತಿತ್ತು. ಕಾವಿನ ಮೇಲೆ ಹಕ್ಕಿಯ ಹಿಕ್ಕೆ ಒಣಗಿತ್ತು. ಅದನ್ನು ಎತ್ತಿ ಹೆಗಲಿಗೇರಿಸಿಕೊಂಡೆ. ಊರಿಗೆ ಬರುವಾಗ ಬಿಸಿಲೇರಿತ್ತು. ಶಿಲ್ಪದ ಕಾಲುದಾರಿಯಲ್ಲಿ ಯಾರೂ ಇರಲಿಲ್ಲ, ಜಿಂಕೆಯ ಪೇಂಟು ಎದ್ದಿತ್ತು.

ಆಕೆ ಹೊಸಲಲ್ಲಿ ನಿಂತಿದ್ದಳು. ನಾನು ಕೊಡಲಿಯನ್ನು ಬಾಗಿಲ ಪಕ್ಕದ ಗೋಡೆಗೆ ಒರಗಿಸಲು ಹೋದೆ. ಆಕೆ ನನ್ನ ಕೈಯಿಂದ ಅದನ್ನು ಕಿತ್ತುಕೊಂಡು, ಅಂಗಳದ ನಡುವೆ ನೆಲದ ಮೇಲೆ ಅಡ್ಡಡ್ಡ ಮಲಗಿಸಿದಳು.

"ಈಗ ಇದನ್ನ ಯಾರೂ ಬೀಳಿಸಾಕ ಆಗಂಗಿಲ್ಲ" ಎಂದಳು. "ಹೋಗು. ನಿನ್ನ ಬಸ್ಸಿಗೆ ಹೊತ್ತಾತು."